ಮಲಗಿದರೆ ಹೆಚ್ಚುವ ಬೆನ್ನುನೋವು: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಜೊತೆಗಿನ ಬದುಕು

ಬೆನ್ನುನೋವು ಎಂದ ಕೂಡಲೇ ನಮ್ಮಲ್ಲಿ ಮೊದಲು ಸಿಗುವ ಸಲಹೆ ‘ರೆಸ್ಟ್ ತಗೊಳ್ಳಿ’ ಎನ್ನುವುದು. ಭಾರ ಎತ್ತಿಯೋ, ಗದ್ದೆಯಲ್ಲಿ ದಿನವಿಡೀ ಬಗ್ಗಿಯೋ, ಹದಗೆಟ್ಟ ರಸ್ತೆಯಲ್ಲಿ ಬೈಕ್ ಓಡಿಸಿಯೋ ಸೊಂಟ ಹಿಡಿದುಕೊಂಡವರಿಗೆ ಒಂದೆರಡು ದಿನದ ವಿಶ್ರಾಂತಿಯಿಂದ ಹಾಯೆನಿಸಬಹುದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ಮಾತ್ರ ಇದೇ ಸಲಹೆ ಮುಳುವಾಗುತ್ತದೆ. ಮಲಗಿದಷ್ಟೂ ಅವರ ಬೆನ್ನು ಬಿಗಿಯುತ್ತದೆ, ಎದ್ದು ಓಡಾಡಿದಷ್ಟೂ ಸಡಿಲವಾಗುತ್ತದೆ. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಯುವಕ ಯುವತಿಯರು ‘ಡಿಸ್ಕ್ ಜಾರಿದೆ’, ‘ಸಯಾಟಿಕಾ’, ‘ವಾಯು’ ಎಂಬ ಹೆಸರುಗಳ ಹಿಂದೆ ವರ್ಷಗಟ್ಟಲೆ ಅಲೆಯುತ್ತಾರೆ. ಮೊದಲ ಲಕ್ಷಣ ಕಂಡಾಗಿನಿಂದ ಕಾಯಿಲೆಗೆ ಸರಿಯಾದ ಹೆಸರು ಸಿಗುವವರೆಗೆ ಜಗತ್ತಿನಾದ್ಯಂತ ಸರಾಸರಿ ಆರೇಳು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕೆಲವರ ಬೆನ್ನಿನ ಕೀಲುಗಳು ಮತ್ತೆ ಸರಿಪಡಿಸಲಾಗದಷ್ಟು ಬೆಸೆದುಕೊಂಡಿರುತ್ತವೆ.

ಇದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಆದರೆ ಹತೋಟಿಯಲ್ಲಿಡುವ ದಾರಿಗಳು ಹಿಂದೆಂದಿಗಿಂತ ಚೆನ್ನಾಗಿವೆ.

ಬೆನ್ನಿನೊಳಗೆ ನಡೆಯುವುದೇನು?

ಇದು ಸವೆತದಿಂದ ಬರುವ ಕಾಯಿಲೆಯಲ್ಲ, ಉರಿಯೂತದ ಕಾಯಿಲೆ. ದೇಹವನ್ನು ಸೋಂಕಿನಿಂದ ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕಾರಣವಿಲ್ಲದೆ ಕೆರಳಿ, ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಹುಟ್ಟಿಸುತ್ತದೆ. ಸಾಮಾನ್ಯವಾಗಿ ಅದು ಶುರುವಾಗುವುದು ಬೆನ್ನಿನ ತೀರಾ ಕೆಳಗೆ, ಬೆನ್ನುಮೂಳೆಯ ಬುಡ ಸೊಂಟದ ಎಲುಬನ್ನು ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಿ. ಆದ್ದರಿಂದಲೇ ಮೊದಲ ದಿನಗಳಲ್ಲಿ ನೋವು ಸೊಂಟಕ್ಕಿಂತ ಪಿರ್ರೆಯ ಆಳದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ವಾರ ಬಲಗಡೆ ಇದ್ದರೆ ಇನ್ನೊಂದು ವಾರ ಎಡಗಡೆ.

ಉರಿಯೂತದ ಇನ್ನೊಂದು ನೆಲೆ, ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಳ್ಳುವ ಜಾಗಗಳು. ಹಿಮ್ಮಡಿಯ ಹಿಂಭಾಗ, ಅಂಗಾಲು, ಪಕ್ಕೆಲುಬುಗಳು ಎದೆಮೂಳೆಗೆ ಸೇರುವ ಕಡೆ, ಇವೆಲ್ಲ ಮುಟ್ಟಿದರೆ ನೋಯುತ್ತವೆ. ವರ್ಷಗಳು ಕಳೆದಂತೆ ಉರಿಯೂತ ಆರಿದ ಜಾಗದಲ್ಲಿ ದೇಹ ಹೊಸ ಮೂಳೆ ಬೆಳೆಸುತ್ತದೆ. ಬೇಡದ ಕಡೆ ಬೆಳೆದ ಈ ಮೂಳೆ ಒಂದು ಮಣಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತಾ ಹೋಗಿ, ಕೊನೆಗೆ ಇಡೀ ಬೆನ್ನುಮೂಳೆ ಎಕ್ಸ್-ರೇಯಲ್ಲಿ ಗೆಣ್ಣುಗೆಣ್ಣಾದ ಬಿದಿರಿನಂತೆ ಕಾಣುತ್ತದೆ. ವೈದ್ಯರ ಪುಸ್ತಕಗಳಲ್ಲೂ ಅದಕ್ಕೆ ಬಿದಿರು ಬೆನ್ನು ಎಂದೇ ಹೆಸರು. ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಮಂದಿಯಲ್ಲಿ ಕಾಯಿಲೆ ಕೆಳಬೆನ್ನಿನಲ್ಲೇ ನಿಲ್ಲುತ್ತದೆ.

ಎಕ್ಸ್-ರೇಯಲ್ಲಿ ಇನ್ನೂ ಬದಲಾವಣೆ ಕಾಣದ, ಆದರೆ ಉರಿಯೂತ ನಿಜವಾಗಿಯೂ ಇರುವ ಹಂತವೂ ಇದೆ. ಎರಡನ್ನೂ ಸೇರಿಸಿ ಇಂದಿನ ವೈದ್ಯರು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಈ ಹೆಸರು ಕಂಡರೆ ಇದು ಬೇರೆ ಯಾವುದೋ ಕಾಯಿಲೆ ಎಂದು ಗಾಬರಿಪಡಬೇಕಿಲ್ಲ.

ಯಾರಿಗೆ ಬರುತ್ತದೆ?

ಬಹುತೇಕ 45 ವಯಸ್ಸಿನೊಳಗೆ, ಅದರಲ್ಲೂ ಹದಿಹರೆಯದ ಕೊನೆಯಿಂದ ಮೂವತ್ತರ ನಡುವೆ ಇದು ಶುರುವಾಗುತ್ತದೆ. ‘ಈ ವಯಸ್ಸಿಗೇ ನಿನಗೆಂಥ ಬೆನ್ನುನೋವು’ ಎಂದು ಮನೆಯವರು ಕೇಳುವ ವಯಸ್ಸು ಅದು. ಬಹಳ ಕಾಲ ಇದನ್ನು ಗಂಡಸರ ಕಾಯಿಲೆ ಎಂದೇ ಪರಿಗಣಿಸಲಾಗಿತ್ತು. ಎಕ್ಸ್-ರೇಯಲ್ಲಿ ಕಾಣುವ ಹಂತದಲ್ಲಿ ಗಂಡಸರ ಸಂಖ್ಯೆ ಹೆಚ್ಚು ಎನ್ನುವುದು ನಿಜ, ಆದರೆ ಅದಕ್ಕೂ ಮುಂಚಿನ ಹಂತದಲ್ಲಿ ಹೆಂಗಸರು ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ಹಳೆಯ ತಿಳಿವಳಿಕೆಯ ಬೆಲೆಯನ್ನು ಅವರು ತೆತ್ತಿದ್ದಾರೆ. ಹೆರಿಗೆಯಾದ ಮೇಲಿನ ಸೊಂಟನೋವು, ಮನೆಗೆಲಸದ ಆಯಾಸ, ಕ್ಯಾಲ್ಸಿಯಂ ಕೊರತೆ ಎಂಬ ಮಾತುಗಳಲ್ಲಿ ಅವರ ಕಾಯಿಲೆ ಇನ್ನೂ ಹೆಚ್ಚು ಕಾಲ ಮುಚ್ಚಿಹೋಗುತ್ತದೆ.

ಎಚ್ಎಲ್ಎ-ಬಿ27 ಎಂಬ ಜೀನ್ ಜೊತೆ ಈ ಕಾಯಿಲೆಗೆ ಗಟ್ಟಿ ನಂಟಿದೆ. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು ಕಂಡುಕೊಂಡವು. ರೋಗಿಗಳಲ್ಲಿ ಬಹುಪಾಲು ಮಂದಿಗೆ ಈ ಜೀನ್ ಇರುತ್ತದೆ. ಆದರೆ ಜೀನ್ ಇರುವವರಲ್ಲಿ ಬಹುಪಾಲು ಮಂದಿಗೆ ಕಾಯಿಲೆ ಬರುವುದೇ ಇಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ‘ಪಾಸಿಟಿವ್’ ಎಂಬ ಒಂದು ಪದ ನೋಡಿ ಮದುವೆಯ ಮಾತುಕತೆ ಮುರಿದುಕೊಳ್ಳುವುದು, ಆರೋಗ್ಯವಾಗಿರುವ ಮಕ್ಕಳಿಗೆಲ್ಲ ಪರೀಕ್ಷೆ ಮಾಡಿಸುವುದು ಅನಗತ್ಯ.

ಸಾಮಾನ್ಯ ಬೆನ್ನುನೋವಲ್ಲ ಎಂದು ತಿಳಿಯುವುದು ಹೇಗೆ?

ನೋವು ಮೂರು ತಿಂಗಳಿಗಿಂತ ಹಳೆಯದು, ನಲವತ್ತರೊಳಗೆ ಶುರುವಾದದ್ದು, ಇಂಥ ದಿನವೇ ಬಂತು ಎಂದು ಹೇಳಲಾಗದಂತೆ ಮೆಲ್ಲಗೆ ಆವರಿಸಿದ್ದು. ರಾತ್ರಿಯ ಎರಡನೇ ಜಾವ ಕಳೆದ ಮೇಲೆ ನಿದ್ದೆಗೆಡಿಸುತ್ತದೆ. ಬೆಳಿಗ್ಗೆ ಬೆನ್ನು ಮರಗಟ್ಟಿದಂತಿದ್ದು, ಸಡಿಲವಾಗಲು ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುತ್ತದೆ. ಓಡಾಡಿದರೆ, ವ್ಯಾಯಾಮ ಮಾಡಿದರೆ ಕಡಿಮೆಯಾಗುತ್ತದೆ. ಭಾನುವಾರ ಹೊತ್ತೇರುವವರೆಗೆ ಮಲಗಿದರೆ ಸೋಮವಾರಕ್ಕಿಂತ ಕಷ್ಟದ ದಿನವಾಗುತ್ತದೆ. ಉರಿಯೂತದ ಬೆನ್ನುನೋವಿನ ಲಕ್ಷಣಗಳು ಇವು. ಇವುಗಳ ಜೊತೆಗೆ ಕಣ್ಣು ಆಗಾಗ ಕೆಂಪಗಾಗಿ ನೋಯುವುದು, ಸೋರಿಯಾಸಿಸ್, ತಿಂಗಳುಗಟ್ಟಲೆ ಕಾಡುವ ಕರುಳಿನ ಉರಿಯೂತ ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಇದ್ದರೆ ಅನುಮಾನ ಬಲವಾಗುತ್ತದೆ.

ನೋಡಬೇಕಾದ ತಜ್ಞರು ರುಮಟಾಲಜಿಸ್ಟ್. ಮೂಳೆ ಡಾಕ್ಟರೇ ಮೊದಲು ಸಿಗುವುದು ಸಹಜ, ಆದರೆ ಈ ಲಕ್ಷಣಗಳಿದ್ದಾಗ ‘ರುಮಟಾಲಜಿಸ್ಟ್‌ಗೆ ಬರೆದುಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು. ಈ ತಜ್ಞರು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿದ್ದಾರೆ. ದೂರದ ತಾಲ್ಲೂಕುಗಳವರಿಗೆ ಅದೊಂದು ದಿನದ ಪ್ರಯಾಣ. ಆ ಒಂದು ದಿನದ ಖರ್ಚು, ವರ್ಷಗಟ್ಟಲೆ ಸಿಕ್ಕಸಿಕ್ಕ ನೋವಿನ ಮಾತ್ರೆ ನುಂಗುವ ಖರ್ಚಿಗಿಂತ ಕಡಿಮೆಯೇ.

ಕಾಯಿಲೆ ಪತ್ತೆಗೆ ಒಂದೇ ಒಂದು ಖಚಿತ ಪರೀಕ್ಷೆ ಎಂಬುದಿಲ್ಲ. ಇಎಸ್ಆರ್, ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆಗಳು ಕಾಯಿಲೆ ಇದ್ದರೂ ಎಷ್ಟೋ ಮಂದಿಯಲ್ಲಿ ಸರಿಯಾಗಿಯೇ ಬರುತ್ತವೆ. ಎಕ್ಸ್-ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಬೇಕು. ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ ಅದಕ್ಕಿಂತ ಬಹಳ ಮೊದಲೇ ಉರಿಯೂತವನ್ನು ತೋರಿಸಬಲ್ಲದು. ಬರೀ ಕೆಳಬೆನ್ನಿನ ಎಂಆರ್‌ಐ ಮಾಡಿಸಿದರೆ ಈ ಕೀಲು ಚಿತ್ರದೊಳಗೆ ಸರಿಯಾಗಿ ಬಾರದೆ, ಡಿಸ್ಕ್‌ನ ಸಣ್ಣಪುಟ್ಟ ಉಬ್ಬಿನ ಮೇಲೇ ಎಲ್ಲರ ಕಣ್ಣು ಬೀಳುವ ಅಪಾಯವಿದೆ.

ತಜ್ಞರು ಟೇಪು ಹಿಡಿದು ಅಳತೆಯನ್ನೂ ಮಾಡುತ್ತಾರೆ. ಸೊಂಟದ ಹಿಂದಿನ ಎರಡು ಗುಳಿಗಳ ಮಟ್ಟದಲ್ಲಿ ಒಂದು ಗುರುತು, ಅದಕ್ಕೆ 10 ಸೆಂಟಿಮೀಟರ್ ಮೇಲೆ ಇನ್ನೊಂದು ಗುರುತು ಹಾಕಿ, ಮಂಡಿ ಮಡಿಸದೆ ಬಗ್ಗಲು ಹೇಳುತ್ತಾರೆ. ಆರೋಗ್ಯವಂತರಲ್ಲಿ ಆ ಎರಡು ಗುರುತುಗಳ ನಡುವಿನ ದೂರ ಸುಮಾರು 5 ಸೆಂಟಿಮೀಟರ್ ಹಿಗ್ಗುತ್ತದೆ. ಬಿಗಿದ ಬೆನ್ನಿನಲ್ಲಿ ಅಷ್ಟು ಹಿಗ್ಗುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗುತ್ತದೆಯೇ, ಉಸಿರೆಳೆದಾಗ ಎದೆಗೂಡು ಎಷ್ಟು ಅಗಲವಾಗುತ್ತದೆ ಎಂಬುದನ್ನೂ ನೋಡುತ್ತಾರೆ. ಈ ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಆರು ತಿಂಗಳಿಗೊಮ್ಮೆ ಹೋಲಿಸಿದರೆ, ಬೆನ್ನು ಯಾವ ಕಡೆಗೆ ಹೊರಟಿದೆ ಎಂದು ರೋಗಿಗೇ ಗೊತ್ತಾಗುತ್ತದೆ.

ಬೆಳಗಿನ ಮೊದಲ ಗಂಟೆ

ಈ ಕಾಯಿಲೆ ಇರುವವರ ದಿನದ ಅತಿ ಕಷ್ಟದ ಹೊತ್ತು ಹಾಸಿಗೆಯಿಂದ ಏಳುವ ಹೊತ್ತು. ಮಗ್ಗುಲಾಗಲು ಮಂಚದ ಅಂಚು ಹಿಡಿದು ಇಡೀ ಮೈಯನ್ನು ಒಟ್ಟಿಗೆ ಹೊರಳಿಸಬೇಕು. ಸೀನು ಬಂದರೆ ಎದೆ, ಬೆನ್ನು ಎರಡಕ್ಕೂ ಚೂರಿ ಹಾಕಿದಂತಾಗುತ್ತದೆ. ಕಾಲುಚೀಲ ಹಾಕಿಕೊಳ್ಳುವುದು, ಹಲ್ಲುಜ್ಜಲು ಬೇಸಿನ್ನಿಗೆ ಬಗ್ಗುವುದು ದೊಡ್ಡ ಕೆಲಸಗಳಾಗಿಬಿಡುತ್ತವೆ. ‘ಸೋಮಾರಿ’ ಎಂಬ ಮಾತು ಕೇಳಿಸುವುದೂ ಈ ಹೊತ್ತಿನಲ್ಲೇ. ಮಧ್ಯಾಹ್ನದ ಹೊತ್ತಿಗೆ ಅದೇ ವ್ಯಕ್ತಿ ಚುರುಕಾಗಿ ಓಡಾಡುವುದನ್ನು ಕಂಡವರಿಗೆ ಬೆಳಗಿನ ಕಷ್ಟ ನಾಟಕದಂತೆ ಕಾಣುತ್ತದೆ. ಅದು ನಾಟಕವಲ್ಲ, ಕಾಯಿಲೆಯ ಸ್ವಭಾವವೇ ಹಾಗೆ.

ಹಾಸಿಗೆಯಿಂದ ಒಮ್ಮೆಲೇ ಏಳಬಾರದು. ಎಚ್ಚರವಾದ ಮೇಲೆ ಅಂಗಾತ ಮಲಗಿದಂತೆಯೇ ಮಂಡಿ ಮಡಿಸಿ, ಪಾದಗಳನ್ನು ಹಾಸಿಗೆಗೆ ಊರಿ, ಎರಡೂ ಮಂಡಿಗಳನ್ನು ಒಟ್ಟಿಗೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ನಿಧಾನವಾಗಿ ವಾಲಿಸಬೇಕು. ಆಮೇಲೆ ಒಂದೊಂದೇ ಮಂಡಿಯನ್ನು ಎದೆಯ ಕಡೆಗೆ ಎಳೆದುಕೊಳ್ಳುವುದು, ಸೊಂಟವನ್ನು ಹಾಸಿಗೆಯಿಂದ ಸ್ವಲ್ಪ ಮೇಲೆತ್ತಿ ಇಳಿಸುವುದು. ಬಳಿಕ ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಲೇ ಮೊಣಕೈಯಿಂದ ಒತ್ತಿ ಎದ್ದು ಕೂರಬೇಕು. ಕೂತಲ್ಲೇ ಹೆಗಲು ತಿರುಗಿಸಿ, ಕತ್ತನ್ನು ಮೆಲ್ಲಗೆ ಆಚೀಚೆ ಹೊರಳಿಸಿ, ಒಂದು ನಿಮಿಷ ಸುಧಾರಿಸಿಕೊಂಡು ನಿಲ್ಲುವುದು. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಬಿಗಿತ ಅರ್ಧಕ್ಕರ್ಧ ಇಳಿದಿರುತ್ತದೆ.

ಬಿಸಿನೀರು ಈ ಕಾಯಿಲೆಯಲ್ಲಿ ನಿಜವಾದ ಗೆಳೆಯ. ಷವರ್ ಇದ್ದರೆ ಬೆನ್ನಿನ ಮೇಲೆ ಐದು ಹತ್ತು ನಿಮಿಷ ಬಿಸಿನೀರು ಸುರಿಯಲು ಬಿಡಬೇಕು. ಹಂಡೆಯ ನೀರು, ಚೊಂಬಿನ ಸ್ನಾನವಾದರೆ ತಗ್ಗು ಮಣೆಯ ಬದಲು ಮಂಡಿಯೆತ್ತರದ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಬಕೆಟ್ಟನ್ನೂ ಎತ್ತರಕ್ಕೆ ಇಟ್ಟುಕೊಂಡರೆ ಬಗ್ಗುವ ಕಷ್ಟ ತಪ್ಪುತ್ತದೆ. ಮೈ ಬಿಸಿಯಾಗಿರುವಾಗಲೇ ವ್ಯಾಯಾಮ ಮಾಡಿದರೆ ಕೀಲುಗಳು ಚೆನ್ನಾಗಿ ಒದಗುತ್ತವೆ.

ದಿನವೂ ಮಾಡಬೇಕಾದ ವ್ಯಾಯಾಮ

ಈ ಕಾಯಿಲೆಯಲ್ಲಿ ವ್ಯಾಯಾಮ ಚಿಕಿತ್ಸೆಗೆ ಪೂರಕವಲ್ಲ, ಅದೇ ಅರ್ಧ ಚಿಕಿತ್ಸೆ. ಔಷಧ ಉರಿಯೂತವನ್ನು ತಗ್ಗಿಸುತ್ತದೆ, ಆದರೆ ಕಳೆದುಹೋದ ಬಾಗುವಿಕೆಯನ್ನು ಮರಳಿ ತರುವುದು, ಇರುವುದನ್ನು ಉಳಿಸಿಕೊಳ್ಳುವುದು ಮೈ ಬಳಸುವುದರಿಂದ ಮಾತ್ರ ಸಾಧ್ಯ. ಮಾತ್ರೆ ತಪ್ಪಿಸದವರು ವ್ಯಾಯಾಮವನ್ನು ತಿಂಗಳುಗಟ್ಟಲೆ ತಪ್ಪಿಸುತ್ತಾರೆ. ನೋವು ಕಡಿಮೆಯಾದ ಕೂಡಲೇ ಬಿಟ್ಟುಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ, ಈ ಕಾಯಿಲೆಯ ನಿರ್ವಹಣೆ ಎಡವುವುದು ಹೆಚ್ಚಾಗಿ ಇಲ್ಲೇ.

ಬೆನ್ನು ಬಿಗಿಯುವಾಗ ಮುಂದಕ್ಕೆ ಬಾಗುತ್ತಾ ಬಿಗಿಯುತ್ತದೆ. ಹಾಗಾಗಿ ವ್ಯಾಯಾಮದ ಒತ್ತು ಹಿಂದಕ್ಕೆ ಬಾಗುವುದರ ಮೇಲೆ, ಎದೆ ತೆರೆಯುವುದರ ಮೇಲೆ ಇರಬೇಕು. ಎಲ್ಲಕ್ಕಿಂತ ಸುಲಭವಾದದ್ದು ಬೋರಲು ಮಲಗುವುದು. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ, ದಿಂಬಿಲ್ಲದೆ ಗಟ್ಟಿ ನೆಲದ ಮೇಲೆ ಚಾಪೆ ಹಾಸಿ ಬೋರಲು ಮಲಗಿದರೆ ಸೊಂಟದ ಮುಂಭಾಗದ ಸ್ನಾಯುಗಳು ಹಿಗ್ಗುತ್ತವೆ. ಮೊದಮೊದಲು ಎದೆಯ ಕೆಳಗೆ ತೆಳ್ಳನೆಯ ದಿಂಬು ಬೇಕಾಗಬಹುದು. ಇನ್ನೊಂದು, ಗೋಡೆ ಮೂಲೆಯ ವ್ಯಾಯಾಮ. ಮೂಲೆಗೆ ಮುಖ ಮಾಡಿ ನಿಂತು, ಎರಡೂ ಅಂಗೈಗಳನ್ನು ಹೆಗಲೆತ್ತರಕ್ಕೆ ಎರಡು ಗೋಡೆಗಳಿಗೆ ಊರಿ, ಎದೆಯನ್ನು ಮೂಲೆಯ ಕಡೆಗೆ ತಳ್ಳುತ್ತಾ ಆಳವಾಗಿ ಉಸಿರೆಳೆಯುವುದು. ಪಕ್ಕೆಲುಬಿನ ಕೀಲುಗಳು ಬಿಗಿದರೆ ಎದೆಗೂಡು ಹಿಗ್ಗದೆ ಉಸಿರು ಮೇಲ್ಮೇಲಾಗುತ್ತದೆ. ಆದ್ದರಿಂದ ದೀರ್ಘ ಉಸಿರಾಟದ ಅಭ್ಯಾಸವನ್ನು ಬಿಡಬಾರದು.

ಯೋಗ ಬಲ್ಲವರಿಗೆ ಭುಜಂಗಾಸನ, ಮಕರಾಸನ, ಮಾರ್ಜಾಲಾಸನ, ತಾಡಾಸನ ಒಳ್ಳೆಯವು. ಶೀರ್ಷಾಸನ, ಸರ್ವಾಂಗಾಸನ, ಹಲಾಸನದಂಥ ಕತ್ತಿನ ಮೇಲೆ ಭಾರ ಬೀಳುವ ಆಸನಗಳು ಬೇಡ. ಯೋಗ ಶಿಕ್ಷಕರಿಗೆ ಕಾಯಿಲೆಯ ಹೆಸರನ್ನು ಮೊದಲೇ ಹೇಳಬೇಕು. ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ ಬಗ್ಗಿಸುವ ಗುರುಗಳಿಂದ ದೂರ ಇರುವುದು ಲೇಸು. ಈಜು ತುಂಬ ಒಳ್ಳೆಯದು, ನೀರು ಮೈಭಾರ ಹೊರುವುದರಿಂದ ಕೀಲುಗಳಿಗೆ ಪೆಟ್ಟಿಲ್ಲದೆ ಕೆಲಸ ಸಿಗುತ್ತದೆ. ಕತ್ತು ತಿರುಗದವರು ಉಸಿರಿಗಾಗಿ ತಲೆ ಹೊರಳಿಸದೆ, ಅಂಗಾತ ಈಜಬಹುದು. ಈಜುಕೊಳ ಇಲ್ಲದ ಊರಿನವರಿಗೆ ಬಿರುಸಿನ ನಡಿಗೆಯಿದೆ.

ಬೆಳಿಗ್ಗೆ ಒಂದು ಗಂಟೆ ವ್ಯಾಯಾಮ ಮಾಡಿ ಆಮೇಲೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಅಲುಗಾಡದೆ ಕೂತರೆ ಗಳಿಸಿದ್ದೆಲ್ಲ ಹೋಯಿತು. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಮೈಮುರಿಯಬೇಕು. ಬೆಂಗಳೂರಿನ ಐಟಿ ಕಚೇರಿಯವರಿಗೂ, ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಎದ್ದು ನಿಲ್ಲುವ ಸ್ವಾತಂತ್ರ್ಯ ಮಾತ್ರ ಇಬ್ಬರಿಗೂ ಒಂದೇ ಸಮನಾಗಿಲ್ಲ. ವೈದ್ಯರ ಪತ್ರ ಕೊಟ್ಟು ಮೇಲಿನವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಔಷಧಗಳು

ಮೊದಲ ಸಾಲಿನ ಔಷಧ ಉರಿಯೂತ ಇಳಿಸುವ ನೋವಿನ ಮಾತ್ರೆಗಳು: ನ್ಯಾಪ್ರಾಕ್ಸೆನ್, ಇಂಡೋಮೆಥಾಸಿನ್, ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಮುಂತಾದವು. ಈ ಕಾಯಿಲೆಯಲ್ಲಿ ಅವು ಬರೀ ನೋವು ಮರೆಸುವುದಿಲ್ಲ, ಉರಿಯೂತವನ್ನೇ ತಗ್ಗಿಸುತ್ತವೆ. ಒಂದು ಮಾತ್ರೆ ಎರಡರಿಂದ ನಾಲ್ಕು ವಾರದಲ್ಲಿ ಒಗ್ಗದಿದ್ದರೆ ವೈದ್ಯರು ಇನ್ನೊಂದನ್ನು ಕೊಟ್ಟು ನೋಡುತ್ತಾರೆ. ರಾತ್ರಿ ಊಟದ ನಂತರ, ಪರಿಣಾಮ ಹೆಚ್ಚು ಹೊತ್ತು ಉಳಿಯುವ ಮಾತ್ರೆ ತೆಗೆದುಕೊಂಡರೆ ಬೆಳಗಿನ ಬಿಗಿತ ಕಡಿಮೆಯಾಗುತ್ತದೆ. ಆದರೆ ಇವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು. ಆಗಾಗ ಕ್ರಿಯಾಟಿನಿನ್ ಪರೀಕ್ಷೆ, ಬಿಪಿ ತಪಾಸಣೆ ಬೇಕು. ಒಂದು ಮಾತ್ರೆ ಸಾಲದೆಂದು ಮೆಡಿಕಲ್ ಶಾಪಿನಿಂದ ಇನ್ನೊಂದು ಬಗೆಯದನ್ನು ತಂದು ಎರಡನ್ನೂ ಒಟ್ಟಿಗೆ ನುಂಗುವುದು ಅಪಾಯ. ಡೆಂಗಿ ಜ್ವರದ ಅನುಮಾನ ಇದ್ದಾಗಲಂತೂ ಇವನ್ನು ನಿಲ್ಲಿಸಿ ವೈದ್ಯರನ್ನು ಕೇಳಬೇಕು, ರಕ್ತಸ್ರಾವದ ಭಯವಿದೆ.

ಸಲ್ಫಾಸಲಜೀನ್ ಮಂಡಿ, ಪಾದದ ಗಂಟುಗಳ ಊತಕ್ಕೆ ಉಪಯೋಗ, ಬೆನ್ನಿಗೆ ಅಲ್ಲ. ಬಾಯಿಯ ಮೂಲಕ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವುದನ್ನು ಬೆನ್ನಿನ ಈ ಕಾಯಿಲೆಗೆ ತಜ್ಞರು ಶಿಫಾರಸು ಮಾಡುವುದಿಲ್ಲ. ಅದು ಮೂಳೆಯನ್ನು ಇನ್ನಷ್ಟು ಟೊಳ್ಳು ಮಾಡುತ್ತದೆ.

ನಿಜವಾದ ತಿರುವು ಬಂದದ್ದು ಬಯಾಲಜಿಕ್ ಚುಚ್ಚುಮದ್ದುಗಳಿಂದ. ಉರಿಯೂತದ ಸಂದೇಶ ಸಾಗಿಸುವ ಟಿಎನ್ಎಫ್ ಎಂಬ ಪ್ರೋಟೀನನ್ನು ಇವು ತಡೆಯುತ್ತವೆ. 2003ರಲ್ಲಿ ಎಟಾನರ್ಸೆಪ್ಟ್‌ಗೆ ಈ ಕಾಯಿಲೆಗಾಗಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಇನ್‌ಫ್ಲಿಕ್ಸಿಮಾಬ್, ಅಡಲಿಮುಮಾಬ್, ಗೊಲಿಮುಮಾಬ್ ಇದೇ ಗುಂಪಿನವು. ಐಎಲ್-17 ಎಂಬ ಇನ್ನೊಂದು ಪ್ರೋಟೀನನ್ನು ತಡೆಯುವ ಸೆಕುಕಿನುಮಾಬ್ ಆಮೇಲೆ ಬಂತು. ಬೆಲೆಯೇ ದೊಡ್ಡ ಅಡ್ಡಿಯಾಗಿತ್ತು. 2014ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಅಡಲಿಮುಮಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧವನ್ನೇ ಹೋಲುವ ಇನ್ನೊಂದು ತಯಾರಿಕೆಯನ್ನು, ಭಾರತದಲ್ಲಿ ಬಿಡುಗಡೆ ಮಾಡಿದ ಮೇಲೆ ಬೆಲೆ ಇಳಿಯಿತು. ಆದರೂ ದಿನಗೂಲಿಯವರ ಕೈಗೆಟುಕುವ ಮಟ್ಟಕ್ಕೆ ಇನ್ನೂ ಬಂದಿಲ್ಲ ಎಂಬುದು ಕಹಿ ಸತ್ಯ. ಟೊಫಾಸಿಟಿನಿಬ್ ಎಂಬ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ದೊರೆಯಿತು. ಭಾರತದಲ್ಲಿ ಅದರ ಜೆನೆರಿಕ್ ಮಾತ್ರೆಗಳು ಚುಚ್ಚುಮದ್ದಿಗಿಂತ ಕಡಿಮೆ ಬೆಲೆಗೆ ಸಿಗುತ್ತಿವೆ. ಹೃದಯದ ತೊಂದರೆ ಇರುವವರಿಗೆ, ರಕ್ತ ಹೆಪ್ಪುಗಟ್ಟುವ ಸಮಸ್ಯೆ ಇರುವವರಿಗೆ, ಬೀಡಿ ಸಿಗರೇಟು ಸೇದುವ ಹಿರಿಯರಿಗೆ ಅದನ್ನು ಕೊಡುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ.

ಬಯಾಲಜಿಕ್, ಟೊಫಾಸಿಟಿನಿಬ್‌ನಂಥ ಈ ಔಷಧಗಳೆಲ್ಲ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುವುದರಿಂದ, ಮೈಯಲ್ಲಿ ಅಡಗಿ ಮಲಗಿರುವ ಕ್ಷಯ ಎಚ್ಚೆತ್ತುಕೊಳ್ಳಬಹುದು. ನಮ್ಮ ದೇಶದಲ್ಲಿ ಇದು ಬರೀ ಪುಸ್ತಕದ ಎಚ್ಚರಿಕೆಯಲ್ಲ. ಶುರು ಮಾಡುವ ಮೊದಲು ಎದೆಯ ಎಕ್ಸ್-ರೇ, ಕ್ಷಯಕ್ಕೆ ಚರ್ಮದ ಅಥವಾ ರಕ್ತದ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಕಡ್ಡಾಯ. ಹಾಕಿಸಿಕೊಳ್ಳಬೇಕಾದ ಲಸಿಕೆಗಳ ಬಗ್ಗೆಯೂ ಆಗಲೇ ಕೇಳಬೇಕು. ಚಿಕಿತ್ಸೆಯ ನಡುವೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯಾಗಲು ಯೋಚಿಸುವವರು ಮೊದಲೇ ಹೇಳಿದರೆ ಔಷಧ ಬದಲಿಸಲು ಸಮಯ ಸಿಗುತ್ತದೆ.

ಹಿಂದಿನವರು ಪಟ್ಟ ಪಾಡು

ಈ ಕಾಯಿಲೆಯನ್ನು ವಿವರವಾಗಿ ದಾಖಲಿಸಿದವರು ರಷ್ಯಾದ ವ್ಲಾದಿಮಿರ್ ಬೆಖ್ಟೆರೆವ್ (1893), ಜರ್ಮನಿಯ ಅಡೋಲ್ಫ್ ಸ್ಟ್ರುಂಪೆಲ್ (1897), ಫ್ರಾನ್ಸಿನ ಪಿಯರ್ ಮೇರಿ (1898). ಆದರೆ ಮುಂದಿನ ಅರ್ಧ ಶತಮಾನ ಔಷಧ ಇರಲಿಲ್ಲ. ಬ್ರಿಟನ್ನಿನಲ್ಲಿ 1930ರ ದಶಕದಿಂದ ಬೆನ್ನಿಗೆ ಎಕ್ಸ್-ರೇ ವಿಕಿರಣ ಕೊಡುವ ಪದ್ಧತಿ ಬಂತು. ನೋವು ಇಳಿಯುತ್ತಿತ್ತು. 1957ರಲ್ಲಿ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್, ಹೀಗೆ ಚಿಕಿತ್ಸೆ ಪಡೆದ 13,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿ, ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿದರು. ವಿಕಿರಣದ ಅಪಾಯದ ಬಗ್ಗೆ ಜಗತ್ತಿಗೆ ಸಿಕ್ಕ ಮುಖ್ಯ ಪುರಾವೆಗಳಲ್ಲಿ ಅದೂ ಒಂದು. ಆಗ ರೋಗಿಗಳನ್ನು ತಿಂಗಳುಗಟ್ಟಲೆ ಮಲಗಿಸಿಯೂ ಇಡುತ್ತಿದ್ದರು. ಬೆನ್ನು ಮಲಗಿದಲ್ಲೇ ಬೆಸೆದುಹೋಗುತ್ತಿತ್ತು.

ಕ್ರಿಕೆಟ್ ನೋಡುವವರಿಗೆ ಮೈಕ್ ಆಥರ್ಟನ್ ಗೊತ್ತಿರಬೇಕು. ಇಂಗ್ಲೆಂಡಿನ ಪರ 115 ಟೆಸ್ಟ್ ಆಡಿ, ಅದರಲ್ಲಿ 54ಕ್ಕೆ ನಾಯಕರಾಗಿದ್ದ ಅವರಿಗೆ ಇದೇ ಕಾಯಿಲೆ ಇತ್ತು. 1995ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾದ ವೇಗಿಗಳನ್ನು 643 ನಿಮಿಷ ಎದುರಿಸಿ, ಔಟಾಗದೆ 185 ರನ್ ಗಳಿಸಿ ಪಂದ್ಯ ಉಳಿಸಿಕೊಂಡದ್ದು ಈ ಬೆನ್ನಿನೊಂದಿಗೇ. ಪ್ರತಿ ರೋಗಿಯೂ ಹಾಗೆ ಸಹಿಸಬೇಕು ಎಂದು ಇದರ ಅರ್ಥವಲ್ಲ. ಅವರು ಆಡಿದ ಕಾಲದಲ್ಲಿ ಈ ಕಾಯಿಲೆಗೆ ಬಯಾಲಜಿಕ್ ಔಷಧಗಳು ಇರಲಿಲ್ಲ; ಇಂದಿನ ಹುಡುಗರು ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳಬೇಕಾದ ಅಗತ್ಯವಿಲ್ಲ.

ನೋವು ಉಲ್ಬಣಿಸಿದಾಗ

ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದ್ದರೂ ನಡುನಡುವೆ ಕೆಟ್ಟ ದಿನಗಳು ಬರುತ್ತವೆ. ನಿದ್ದೆಗೇಡು, ಮನಸ್ಸಿನ ಒತ್ತಡ, ಸೋಂಕು, ಔಷಧ ತಪ್ಪಿಸಿದ್ದು ಕಾರಣವಾಗಿರಬಹುದು; ಕೆಲವೊಮ್ಮೆ ಕಾರಣವೇ ಸಿಗುವುದಿಲ್ಲ. ಅಂಥ ದಿನ ವ್ಯಾಯಾಮವನ್ನು ಪೂರ್ತಿ ಬಿಡದೆ ಕಾಲುಭಾಗಕ್ಕೆ ಇಳಿಸಬೇಕು. ಬಿಸಿನೀರಿನ ಚೀಲದ ಶಾಖ, ಹಾಸಿಗೆಯಲ್ಲೇ ಮಾಡುವ ಸಣ್ಣ ಚಲನೆಗಳು, ಮನೆಯೊಳಗೇ ಗಂಟೆಗೊಮ್ಮೆ ಐದು ನಿಮಿಷದ ನಡಿಗೆ, ಇಷ್ಟು ಸಾಕು. ಒಳ್ಳೆಯ ದಿನ ಬಂತೆಂದು ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಲು ಹೊರಟರೆ ಮರುದಿನ ಮತ್ತೆ ಹಾಸಿಗೆ ಹಿಡಿಯಬೇಕಾಗುತ್ತದೆ. ಕೆಲಸವನ್ನು ಹಂಚಿಕೊಂಡು ಮಾಡುವುದನ್ನು ಕಲಿಯಬೇಕು.

ಎಲ್ಲ ನೋವೂ ಉರಿಯೂತದ್ದಲ್ಲ ಎಂಬುದನ್ನೂ ತಿಳಿದಿರಬೇಕು. ಬೆಸೆದ ಮೂಳೆಯ ಸುತ್ತ ಸೆಟೆದ ಸ್ನಾಯುಗಳ ನೋವು ಬೇರೆ. ವರ್ಷಗಟ್ಟಲೆ ನೋವು ಉಂಡ ನರಮಂಡಲವೇ ಅತಿಸೂಕ್ಷ್ಮವಾಗಿ, ಉರಿಯೂತ ಇಳಿದ ಮೇಲೂ ನೋವನ್ನು ಸಾರುತ್ತಲೇ ಇರುವುದು ಬೇರೆ. ಹಾಗಾದಾಗ ಔಷಧದ ಪ್ರಮಾಣ ಏರಿಸಿ ಪ್ರಯೋಜನವಿಲ್ಲ. ನಿದ್ದೆ, ಫಿಸಿಯೋಥೆರಪಿ, ಮನಸ್ಸಿನ ಚಿಕಿತ್ಸೆ ಕೆಲಸಕ್ಕೆ ಬರುತ್ತವೆ. ನೋವಿನ ಜೊತೆಗೆ ದಣಿವೂ ಈ ಕಾಯಿಲೆಯ ಭಾಗವೇ. ಕಾಯಿಲೆ ಎಷ್ಟು ಚುರುಕಾಗಿದೆ ಎಂದು ಅಳೆಯಲು ಇಂಗ್ಲೆಂಡಿನ ಬಾತ್ ನಗರದ ತಜ್ಞರು 1994ರಲ್ಲಿ ರೂಪಿಸಿದ ಬಾಸ್ಡಾಯ್ ಎಂಬ ಆರು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಪ್ರಶ್ನೆಯೇ ದಣಿವಿನ ಬಗ್ಗೆ. ಆಮೇಲೆ ಬೆನ್ನುನೋವು, ಇತರ ಕೀಲುಗಳ ನೋವು, ಮುಟ್ಟಿದರೆ ನೋಯುವ ಜಾಗಗಳು, ಬೆಳಗಿನ ಬಿಗಿತ ಎಷ್ಟು ಜೋರು, ಎಷ್ಟು ಹೊತ್ತು. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಅವುಗಳ ಸರಾಸರಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಚುರುಕಾಗಿದೆ ಎಂದು ಲೆಕ್ಕ. ‘ಹೇಗಿದ್ದೀರಿ’ ಎಂದು ವೈದ್ಯರು ಕೇಳಿದಾಗ ‘ಪರವಾಗಿಲ್ಲ ಸಾರ್’ ಎಂದು ಸುಮ್ಮನಾಗುವ ನಮ್ಮ ಜನಕ್ಕೆ ಈ ಅಂಕಗಳು ತುಂಬ ಉಪಕಾರಿ.

ಮನೆ, ಊಟ, ಅಭ್ಯಾಸಗಳು

ಮೊದಲು ಬಿಡಬೇಕಾದದ್ದು ಬೀಡಿ, ಸಿಗರೇಟು. ಸೇದುವವರಲ್ಲಿ ಬೆನ್ನು ಬೇಗ ಬೆಸೆಯುತ್ತದೆ, ಉಸಿರಾಟ ಮೊದಲೇ ಕಟ್ಟಿರುವಾಗ ಶ್ವಾಸಕೋಶವೂ ಕೆಡುತ್ತದೆ. ಪಿಷ್ಟ ಬಿಟ್ಟರೆ ಕಾಯಿಲೆ ಹೋಗುತ್ತದೆ ಎಂಬ ವಾದವೊಂದು ಬಹಳ ಕಾಲದಿಂದ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಅನ್ನ, ಮುದ್ದೆ, ರೊಟ್ಟಿ ಬಿಟ್ಟು ಸೊರಗುವುದಕ್ಕಿಂತ ತೂಕ ಹದವಾಗಿಟ್ಟುಕೊಂಡು ಎಲ್ಲವನ್ನೂ ಹಿತಮಿತವಾಗಿ ತಿನ್ನುವುದು ವಾಸಿ. ಈ ಕಾಯಿಲೆಯಲ್ಲಿ ಮೂಳೆ ಒಂದು ಕಡೆ ಬೆಳೆಯುತ್ತಿದ್ದರೂ ಒಳಗೆ ಟೊಳ್ಳಾಗುತ್ತಿರುತ್ತದೆ. ಹಾಗಾಗಿ ಹಾಲು ಮೊಸರು, ರಾಗಿ, ವಿಟಮಿನ್ ಡಿ ಬಗ್ಗೆ ಗಮನ ಬೇಕು.

ಹಾಸಿಗೆ ಗಟ್ಟಿಯಾಗಿರಲಿ, ದಿಂಬು ತೆಳ್ಳಗಿರಲಿ. ಎರಡು ದಿಂಬು ಪೇರಿಸಿ ಮಲಗುವ ಅಭ್ಯಾಸ ಕತ್ತನ್ನು ಮುಂದಕ್ಕೆ ಬಾಗಿಸಿಯೇ ಬಿಗಿಸುತ್ತದೆ. ಬಗ್ಗಿ ಗುಡಿಸುವ ಮೋಟು ಪೊರಕೆಯ ಬದಲು ಉದ್ದ ಹಿಡಿಯ ಪೊರಕೆ, ನಿಂತು ಅಡುಗೆ ಮಾಡುವ ಕಟ್ಟೆ, ಎತ್ತರದ ಕುರ್ಚಿ, ಕಮೋಡ್, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ, ಇವು ದೊಡ್ಡ ಖರ್ಚಿನ ಮಾತಲ್ಲ. ಸೊಂಟದ ಕೀಲು ಪೂರ್ತಿ ಕೆಟ್ಟು ನಡೆಯಲಾಗದವರಿಗೆ ಕೀಲು ಬದಲಿ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದನ್ನು ಮುಂದೂಡಬೇಕಿಲ್ಲ. ಯಾವ ಶಸ್ತ್ರಚಿಕಿತ್ಸೆಯೇ ಇರಲಿ, ಅರಿವಳಿಕೆ ವೈದ್ಯರಿಗೆ ಕತ್ತು, ಬೆನ್ನು ಬಾಗುವುದಿಲ್ಲ ಎಂದು ಮೊದಲೇ ಹೇಳಬೇಕು.

ಕ್ಷೌರದ ಅಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ಕತ್ತನ್ನು ಲಟಕ್ ಎಂದು ತಿರುಗಿಸುತ್ತಾರಲ್ಲ, ಅದನ್ನು ಮಾತ್ರ ಎಂದೂ ಮಾಡಿಸಿಕೊಳ್ಳಬಾರದು. ಬೆನ್ನು ತುಳಿಸಿಕೊಳ್ಳುವುದು, ನೆಟಿಗೆ ತೆಗೆಸುವುದು, ಮೂಳೆ ಕೂರಿಸುವವರ ಬಳಿ ಹೋಗುವುದೂ ಅಷ್ಟೇ ಅಪಾಯ. ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ತೊಂದರೆಯಿಲ್ಲ. ಹೆಸರು, ಘಟಕಗಳ ವಿವರ ಯಾವುದೂ ಇಲ್ಲದ ಪುಡಿ, ಗುಳಿಗೆಗಳು ಎರಡೇ ದಿನದಲ್ಲಿ ಮ್ಯಾಜಿಕ್ ಮಾಡಿದರೆ ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು.

ಮನಸ್ಸು ಮತ್ತು ಮನೆಮಂದಿ

ಓದು, ಉದ್ಯೋಗ, ಮದುವೆ ಎಲ್ಲವೂ ಒಟ್ಟಿಗೆ ಬರುವ ವಯಸ್ಸಿನಲ್ಲಿ ಈ ಕಾಯಿಲೆಯೂ ಬರುತ್ತದೆ. ಹೊರಗೆ ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ. ನೋವನ್ನು ಯಾರಿಗೂ ತೋರಿಸಲಾಗುವುದಿಲ್ಲ. ಖಿನ್ನತೆ ಈ ರೋಗಿಗಳಲ್ಲಿ ಇತರರಿಗಿಂತ ಹೆಚ್ಚು, ಅದಕ್ಕೆ ಚಿಕಿತ್ಸೆ ಪಡೆದರೆ ನೋವು ತಡೆಯುವ ಶಕ್ತಿಯೂ ಹೆಚ್ಚುತ್ತದೆ. ಮನೆಯವರಲ್ಲಿ ಒಬ್ಬರಾದರೂ ಒಮ್ಮೆ ವೈದ್ಯರ ಬಳಿ ಜೊತೆಗೆ ಹೋಗಿ ಕಾಯಿಲೆಯನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳಬೇಕು. ಚಲನೆಗೆ ಬಹಳ ಅಡ್ಡಿಯಾಗಿ, ಸರ್ಕಾರಿ ವೈದ್ಯಕೀಯ ಮಂಡಳಿ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಎಂದು ಗುರುತಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಸೌಲಭ್ಯಗಳು ಸಿಗುತ್ತವೆ; ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು.

ತಡಮಾಡಬಾರದ ಸಂದರ್ಭಗಳು

ಬೆಸೆದ ಬೆನ್ನುಮೂಳೆ ಗಟ್ಟಿಯಾಗಿ ಕಂಡರೂ ಸುಲಭವಾಗಿ ಮುರಿಯುತ್ತದೆ. ಬಚ್ಚಲಲ್ಲಿ ಜಾರಿದಂಥ ಸಣ್ಣ ಬೀಳುವಿಕೆಯ ನಂತರ ಕತ್ತಿನಲ್ಲೋ ಬೆನ್ನಿನಲ್ಲೋ ಹೊಸ ಬಗೆಯ ನೋವು ಶುರುವಾದರೆ, ಬೇರೆಂದು ಸಾಬೀತಾಗುವವರೆಗೆ ಅದನ್ನು ಮುರಿತವೆಂದೇ ತಿಳಿಯಬೇಕು. ಎಕ್ಸ್-ರೇಯಲ್ಲಿ ಕಾಣದಿದ್ದರೆ ಸಿಟಿ ಅಥವಾ ಎಂಆರ್‌ಐ ಕೇಳಬೇಕು. ಬಾಗಿದ ಕತ್ತನ್ನು ನೇರ ಮಾಡಲು ಯಾರೂ ಕೈ ಹಾಕಬಾರದು, ಮೊದಲು ಹೇಗಿತ್ತೋ ಹಾಗೆಯೇ ಆಸರೆ ಕೊಟ್ಟು ಆಸ್ಪತ್ರೆಗೆ ಸಾಗಿಸಬೇಕು. ಕೈಕಾಲು ಜೋಮು ಹಿಡಿಯುವುದು, ಬಲಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ಗಳಿಗೆಯಲ್ಲಿ ಹೊರಡಬೇಕು.

ತಡಮಾಡಬಾರದ ಇನ್ನೊಂದು ಸಂದರ್ಭ ಕಣ್ಣಿನದು. ಈ ಕಾಯಿಲೆ ಇರುವ ನಾಲ್ವರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಯುವೈಟಿಸ್ ಎಂಬ ಕಣ್ಣಿನ ಮಧ್ಯಪದರದ ಉರಿಯೂತ ಬರುತ್ತದೆ. ಒಂದು ಕಣ್ಣು ಕೆಂಪಾಗಿ, ನೋಯುತ್ತಾ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾಗುತ್ತದೆ. ಅದನ್ನು ಮದ್ರಾಸ್ ಐ ಎಂದುಕೊಂಡು ಅಂಗಡಿಯ ಹನಿ ಹಾಕಿ ವಾರ ಕಾಯಬೇಡಿ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ‘ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಣ್ಣು ಸರಿಹೋಗುತ್ತದೆ.